ಸೋಮವಾರದ ಒಂದೇ ಟಿಕೆಟ್

ನಮ್ಮಕ್ಕ ಹೊಲಿಗೆಯವಳು. ಮನೆಯ ಮುಂಗೋಣೆಯೇ ಅಂಗಡಿ. ಯಾರು ಫೋನ್ ಮಾಡಿದರೂ ಎರಡನೇ ಮಾತಿಗೆ ಅವರು ಅವಳಿಗೆ ಅಣ್ಣನೋ ತಂಗಿಯೋ ಆಗಿಬಿಡಬೇಕು. ರಾಂಗ್ ನಂಬರಿನವರನ್ನೂ ಊಟ ಆಯ್ತಾ ಎಂದು ವಿಚಾರಿಸುವ ಹೆಂಗಸು. ಪಕ್ಕದಲ್ಲೇ ಕೂತು ಗುಂಡಿಗಳಿಗೆ ಕಾಜಾ ಹಾಕುವ ನನಗೆ ಕೇಳಿ ಕೇಳಿ ತಲೆ ಕೆಟ್ಟುಹೋಗಿದೆ.

ಬಸ್ ಟಿಕೆಟ್ ಮಾರುವ ಆ್ಯಪ್‌ನವರ ಕಂಪ್ಯೂಟರಿಗೆ ಯಾರೋ ನುಗ್ಗಿ ಗಿರಾಕಿಗಳ ವಿವರವನ್ನೆಲ್ಲ ಹೊತ್ತೊಯ್ದಿದ್ದಾರೆ ಎಂಬ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದೇ ಅಕ್ಕ. ನಮ್ಮ ಮನೆಯವರೆಲ್ಲ ಟಿಕೆಟ್ ತೆಗೆಯುವುದು ಅಕ್ಕನ ಖಾತೆಯಿಂದಲೇ. ಪಾಸ್‌ವರ್ಡು ಎಲ್ಲರಿಗೂ ಬಾಯಿಪಾಠ.

“ಯಾವ ಅಣ್ಣ ಕೇಳಿದ್ರೂ ಓಟಿಪಿ ಹೇಳ್ಬೇಡ ಕಣೇ,” ಎಂದೆ.

“ನಾನೇನು ಅಷ್ಟು ದಡ್ಡಿನಾ?” ಎಂದಳು.

ಮಾರನೇ ದಿನವೇ ಫೋನ್ ಬಂತು. ಅಕ್ಕ ಪ್ಯಾಂಟಿಗೆ ಜಿಪ್ ಕೂರಿಸುತ್ತಿದ್ದಳು, ಸ್ಪೀಕರ್ ಹಾಕಿದಳು. ಆ ಕಡೆಯವನು ಅವಳು ಹುಟ್ಟಿದ ದಿನ, ಮನೆ ನಂಬರು ಎಲ್ಲ ಪಟಪಟನೆ ಒಪ್ಪಿಸಿದ.

“ಸೋಮವಾರದ ಬಸ್ಸಿಗೆ ನಿಮ್ಮ ಯಜಮಾನ್ರ ಹೆಸರಲ್ಲಿ ಒಂದು ಟಿಕೆಟ್ ಇದೆ ಮೇಡಂ. ಹೋಗೋಕೆ ಮಾತ್ರ, ವಾಪಸ್ ಇಲ್ಲ. ಸದ್ಯಕ್ಕೆ ತಡೆಹಿಡಿದಿದೀವಿ. ಓಟಿಪಿ ಹೇಳಿದ್ರೆ ಬಿಡಿಸ್ಕೊಡ್ತೀವಿ.”

ನಾನು ಕಸಿದುಕೊಂಡು ಕಟ್ ಮಾಡಿದೆ. “ಎಲ್ಲಾ ಬೊಗಳೆ!”

“ಹುಟ್ಟಿದ ದಿನ ಬೊಗಳೆ ಅಲ್ಲ. ಮನೆ ನಂಬರೂ ಅಲ್ಲ. ಟಿಕೆಟ್ ಒಂದೇ ಯಾಕೆ ಬೊಗಳೆ ಆಗುತ್ತೆ?”

ಒಳ್ಳೆ ಪೀಕಲಾಟ. ಖಾತೆ ತೆರೆದು ನೋಡೋಣವೆಂದರೆ ಆ್ಯಪ್‌ನವರು ಎಲ್ಲರ ಖಾತೆಗೂ ಬೀಗ ಜಡಿದಿದ್ದರು. ಕೆಲಸಕ್ಕಿದ್ದ ಕಾರ್ಖಾನೆ ಮುಚ್ಚಿದಾಗಿನಿಂದ ಭಾವ ಬಾಯಿ ಬಿಡುವುದೇ ಅಪರೂಪ. ಕಳ್ಳನ ಮಾತು ನಂಬುವುದೋ, ಭಾವನ ಮೌನ ನಂಬುವುದೋ ನನಗಂತೂ ತಿಳಿಯಲಿಲ್ಲ. ಅಕ್ಕ ಜಿಪ್ಪನ್ನು ಪ್ಯಾಂಟಿನ ಹಿಂಭಾಗಕ್ಕೆ ಹೊಲಿದುಬಿಟ್ಟಿದ್ದಳು.

“ಭಾವನ್ನೇ ಕೇಳ್ಬಿಡೇ.”

“ಏನಂತ ಕೇಳ್ಲಿ? ಸುಳ್ಳಾಗಿದ್ರೆ, ಅನುಮಾನ ಪಟ್ಟೆ ಅಂತ ನೊಂದ್ಕೋತಾರೆ. ನಿಜ ಆಗಿದ್ರೆ, ವಾಪಸ್ ಟಿಕೆಟ್ಟೇ ಇಲ್ವಲ್ಲೇ,” ಎಂದು ಜಿಪ್ಪಿನ ಹೊಲಿಗೆ ಬಿಚ್ಚತೊಡಗಿದಳು. ನನಗೂ ಭಯವಾಯಿತು.

ಮಧ್ಯಾಹ್ನ ಭಾವ ತಲೆ ಎತ್ತದೆ ಉಣ್ಣುತ್ತಿದ್ದರು.

“ಸೋಮವಾರ ಏನಾದ್ರೂ ಕೆಲಸ ಇದ್ಯೇನ್ರೀ?” ಎಂದಳು ಅಕ್ಕ, ಅನ್ನ ಬಡಿಸುತ್ತ.

“ಸೋಮವಾರಾನಾ? ನೋಡ್ಬೇಕು,” ಎಂದು ಕೈತೊಳೆಯಲು ಎದ್ದರು. ತಟ್ಟೆಯಲ್ಲಿ ಅನ್ನ ಹಾಗೇ ಉಳಿದಿತ್ತು.

ಆಗಲೇ ಮತ್ತೆ ಫೋನ್. ಅದೇ ನಂಬರು. ನಾನು ಕೈ ಚಾಚುವಷ್ಟರಲ್ಲಿ ಅಕ್ಕ ಎತ್ತಿಕೊಂಡಳು.

“ಅಣ್ಣಾ, ಓಟಿಪಿ ಗೀಟಿಪಿ ಏನೂ ಹೇಳಲ್ಲ. ಆ ಟಿಕೆಟ್ ಮಾತ್ರ ಬಿಡಿಸ್ಬೇಡಿ. ನಿಮಗೆ ಕೈ ಮುಗೀತೀನಿ, ಹಾಗೇ ಹಿಡಿದಿಟ್ಕೊಳ್ಳಿ.”

ಅವನು ತಬ್ಬಿಬ್ಬಾಗಿರಬೇಕು. “ಮೇಡಂ?” ಎಂದ. ಆಮೇಲೆ ಅವನೇ ಕಟ್ ಮಾಡಿದ.

ಭಾವ ಒದ್ದೆ ಕೈಯಲ್ಲೇ ಬಂದು ನಿಂತಿದ್ದರು.

“ಟಿಕೆಟ್ ವಿಷಯ ಯಾರೇ ಹೇಳಿದ್ದು ನಿಂಗೆ?”

ಅಕ್ಕನಿಗೆ ಅಳು ತಡೆಯಲಾಗಲಿಲ್ಲ. “ಕಳ್ಳ ಕಣ್ರೀ. ನೀವು ಹೇಳ್ಲಿಲ್ಲ, ಅವನು ಹೇಳಿದ.”