ಮೂರನೇ ಜ್ವರದ ಕೊಂಬೆ

ಯಾರನ್ನು ಕಂಡರೂ ಅವರ ಹಾಗೇ ಮಾತಾಡಿಬಿಡುವ ಚಟ ನನಗೆ ಚಿಕ್ಕಂದಿನಿಂದಲೂ ಇದೆ. ಸಾತನೂರಿನ ಬಸ್ಸಿನ ಕಂಡಕ್ಟರು ಮೂಗಿನಲ್ಲಿ ‘ಮುಂದಕ್ ಹೋಗಿ, ಮುಂದ್ಗಡೆ ಖಾಲಿ ಐತೆ’ ಎನ್ನುವುದನ್ನು ನಾನು ಹಿಂದಿನ ಸೀಟಿನಲ್ಲಿ ಕೂತು ಅಂದು, ಇಳಿಯಬೇಕಾದವರೂ ಮುಂದಕ್ಕೆ ಸರಿದದ್ದುಂಟು. ನಮ್ಮ ರೇಷ್ಮೆ ಬೆಳೆಗಾರರ ಸಂಘದ ಅಧ್ಯಕ್ಷರು ಪ್ರತಿ ಮಾತಿಗೂ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರೆ. ಟೀ ಅಂಗಡಿಯ ಹಿಂದೆ ನಿಂತು ನಾನು ಆ ಗಂಟಲಿನ ಸದ್ದೊಂದನ್ನು ಮಾಡಿದರೆ ಸಾಕು, ಕಾಲ ಮೇಲೆ ಕಾಲು ಹಾಕಿದವರೆಲ್ಲ ಇಳಿಸುತ್ತಾರೆ. ನಿನ್ನ ಸ್ವಂತ ದನಿ ಯಾವುದಪ್ಪಾ ಅಂತ ಯಾರಾದರೂ ಕೇಳಿದರೆ ಮಾತ್ರ ನನಗೆ ಕೆಮ್ಮು ಬರುತ್ತದೆ. ಅದೂ ಅಧ್ಯಕ್ಷರದೇ.

ಇಂಥವನ ಕೈಗೆ ಸಂಘದವರು ತಮ್ಮ ಕೈಪಿಡಿಯನ್ನು ಕೊಟ್ಟರು. ಗೂಡಿಗೆ ಬೆಲೆ ಏರಿದ ಕಾಲ ಅದು. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿ, ದನದ ಕೊಟ್ಟಿಗೆಗಳೆಲ್ಲ ಹುಳುಮನೆಗಳಾಗಿ, ದನಗಳು ನಮ್ಮನ್ನು ಅನುಮಾನದಿಂದ ನೋಡುತ್ತಿದ್ದವು. ಹಿಂದೆಂದೂ ಹುಳ ಮುಟ್ಟದವರೆಲ್ಲ ಸಾಕಲು ಹೊರಟಿದ್ದರಿಂದ, ಹಳೆಯ ಕೈಪಿಡಿಯನ್ನು ಫೋನಿನಲ್ಲಿ ಓದುವ ಹಾಗೆ ಮಾಡಬೇಕಿತ್ತು. ನಾನೋ ಕನಕಪುರದ ಡಿಟಿಪಿ ಅಂಗಡಿಯಲ್ಲಿ ಮದುವೆ ಪತ್ರಿಕೆಗೆ ಗಣಪತಿ ಕೂರಿಸುವವನು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ‘ಹುಡ್ಗ ಕಂಪ್ಯೂಟ್ರು ಬಲ್ಲ, ಮಾಡ್ತಾನೆ ಬುಡಿ’ ಎಂದರು. ಮಾಡಿದೆ.

ಇಂಥ ಕೆಲಸಕ್ಕೆ ಕಂಪ್ಯೂಟರಿನವರ ಹತ್ತಿರ ಲೈಬ್ರರಿ ಎಂಬುದೊಂದಿದೆ. ಪುಸ್ತಕಗಳ ಮನೆಯಲ್ಲ, ಯಾರೋ ಪುಣ್ಯಾತ್ಮರು ಮೊದಲೇ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಪ್ರೋಗ್ರಾಮುಗಳ ಗಂಟು. ಇದು ತಲೆಬರಹ, ಇದು ಪ್ಯಾರಾ ಎಂದು ನಾವು ಗುರುತು ಹಾಕಿದ ಬರಹವನ್ನು ಅದರ ಬಾಯಿಗೆ ಹಾಕಿದರೆ ಅದು ಬರಹವನ್ನು ಮರ ಮಾಡಿ ಕೊಡುತ್ತದೆ. ಬೇರಿನ ಜಾಗದಲ್ಲಿ ಇಡೀ ಪುಸ್ತಕ, ಅದರಿಂದ ಅಧ್ಯಾಯದ ಕೊಂಬೆ, ಅಧ್ಯಾಯದಿಂದ ಪ್ಯಾರಾದ ರೆಂಬೆ, ತುದಿಯಲ್ಲಿ ಎಲೆಯಂತೆ ಮಾತು. ಒಂದು ಕೊಂಬೆ ಕತ್ತರಿಸಿದರೆ ಅದರ ಮೇಲಿನ ಸೊಪ್ಪೆಲ್ಲ ಅದರ ಜೊತೆಗೇ ಬರುತ್ತದೆ. ಹುಟ್ಟಿದಾಗಿನಿಂದ ಹಿಪ್ಪುನೇರಳೆ ಕಡ್ಡಿ ಕೊಯ್ದವನಿಗೆ ಇದನ್ನೂ ಹೇಳಿಕೊಡಬೇಕೇ ಎಂದು ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ. ಹಾಗೆ ಒರಗಿದಾಗಲೆಲ್ಲ ನನ್ನ ಬದುಕಿನಲ್ಲಿ ಏನೋ ಒಂದು ಎಡವಟ್ಟಾಗುತ್ತದೆ.

ಈ ಮರಕ್ಕೆ ಮನುಷ್ಯರ ಹಾಗೆ ನೆಂಟಸ್ತಿಕೆಯೂ ಇದೆ. ಅಧ್ಯಾಯ ತಾಯಿಯಾದರೆ ಅದರ ಪ್ಯಾರಾಗಳು ಮಕ್ಕಳು. ಅಕ್ಕಪಕ್ಕದ ಪ್ಯಾರಾಗಳು ಒಡಹುಟ್ಟಿದವರು. ಆದರೆ ನಮ್ಮ ನೆಂಟಸ್ತಿಕೆಯಲ್ಲಿರುವ ಸಡಿಲ ಅಲ್ಲಿಲ್ಲ. ಯಾವ ಪ್ಯಾರಾವೂ ಏಕಕಾಲಕ್ಕೆ ಎರಡು ಮನೆಯಲ್ಲಿ ಇರುವಂತಿಲ್ಲ.

ಎರಡು ಮನೆಯಲ್ಲಿ ಇರಲಾಗದ ಸಂಕಟ ಆ ದಿನಗಳಲ್ಲಿ ನಮ್ಮ ಅವ್ವನಿಗೂ ಬಂದಿತ್ತು. ಚನ್ನಪಟ್ಟಣದಲ್ಲಿರುವ ಅಕ್ಕನಿಗೆ ಎರಡನೇ ಹೆರಿಗೆ ಹೇಳಿದ್ದಕ್ಕಿಂತ ಬೇಗ ಆಗುವ ಹಾಗಿತ್ತು. ಇತ್ತ ಮನೆಗೆ ಹುಳ ಬಂದಿತ್ತು. ಅಣ್ಣ ಊರವರ ಗೂಡನ್ನೆಲ್ಲ ಗಾಡಿಯಲ್ಲಿ ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹೋಗಿಬರುವುದರಲ್ಲೇ ಇದ್ದ. ಉಳಿದವರು ಅತ್ತಿಗೆ. ಮಾಗಡಿ ಕಡೆಯ ಕಲ್ಯದವರು, ಕುರಿ ಸಾಕುವ ಮನೆಯ ಮಗಳು; ಮದುವೆಯಾಗಿ ಬರುವವರೆಗೆ ರೇಷ್ಮೆ ಹುಳವನ್ನು ಕಂಡವರಲ್ಲ. ‘ಈ ಬೆಳೆ ನಾನೇ ತಗೀತೀನಿ, ಹೋಗ್ಬನ್ನಿ ಅತ್ತೆ’ ಎಂದರು.

ಅವ್ವ ಏನು ಹೇಳಿಕೊಡುವುದಿದ್ದರೂ ‘ಕೇಳಿಲ್ಲಿ’ ಎಂದು ಶುರು ಮಾಡಿ, ‘ಗೊತ್ತಾಯ್ತಾ? ಏನ್ ಗೊತ್ತಾಯ್ತು, ಹೇಳು’ ಎಂದು ಮುಗಿಸುತ್ತಾಳೆ. ಅವತ್ತೂ ಬಸ್ಸಿನ ಮೆಟ್ಟಿಲ ಮೇಲೆ ನಿಂತು ‘ಕೇಳಿಲ್ಲಿ’ ಎಂದಳು. ನಾನು ಅದೇ ದನಿಯಲ್ಲಿ, ‘ಕೇಳಿಲ್ಲಿ, ಎಲ್ಲ ಫೋನ್‌ನಾಗೈತೆ ಕಣವ್ವ, ಹತ್ತು’ ಎಂದೆ. ‘ಹುಳುಕ್ಕೆ ಏನಾರ ಆದ್ರೆ ಒಂದ್ ಮಾತು ಹೇಳ್ರಪ್ಪ, ಬಂದ್ಬುಡ್ತೀನಿ’ ಎಂದು ಅವ್ವ ಕಿಟಕಿಯಿಂದ ಕೂಗಿದಳು. ಬಂದುಬಿಟ್ಟರೆ ಅಲ್ಲಿ ಅಕ್ಕ ಒಬ್ಬಳೇ ಆಗುತ್ತಾಳೆ. ಇಲ್ಲಿ ಅತ್ತಿಗೆಯ ಮೊದಲ ಬೆಳೆ ಅತ್ತೆಯ ಬೆಳೆಯಾಗಿಬಿಡುತ್ತದೆ.

ಹುಳ ಬೆಳೆಯುವಾಗ ನಾಲ್ಕು ಸಲ ಮೈಮೇಲಿನ ಪೊರೆ ಬಿಡುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳ ತಲೆಯೆತ್ತಿಕೊಂಡು, ಕ್ಲಾಸಿನಲ್ಲಿ ಪ್ರಶ್ನೆ ಅರ್ಥವಾಗದವನ ಹಾಗೆ ಅಲ್ಲಾಡದೆ ಇರುತ್ತದೆ. ಆಗ ಸೊಪ್ಪು ಹಾಕಬಾರದು, ಹುಳದ ಹಾಸಿಗೆ ಒಣಗಿರಬೇಕು, ಸುಣ್ಣದ ಪುಡಿ ಉದುರಿಸಬೇಕು. ಕೈಪಿಡಿಯಲ್ಲಿ ಈ ಪ್ಯಾರಾ ಒಂದೇ ಕಡೆ ಇತ್ತು. ಫೋನಿನಲ್ಲಿ ಒಂದೊಂದು ಜ್ವರಕ್ಕೆ ಒಂದೊಂದು ಪುಟವಾದ್ದರಿಂದ, ಪ್ರತಿಯೊಂದರಲ್ಲೂ ಇರಲಿ ಎಂದು ನಾನು ಆ ಪ್ಯಾರಾವನ್ನು ಹಿಡಿದು ಒಂದನೇ ಜ್ವರದ ಕೊಂಬೆಗೆ ಕಟ್ಟಿದೆ, ಎರಡನೆಯದಕ್ಕೆ ಕಟ್ಟಿದೆ, ಮೂರಕ್ಕೆ, ನಾಲ್ಕಕ್ಕೆ. ಕೊನೆಯ ಪುಟ ತೆರೆದು ನೋಡಿದರೆ ಇತ್ತು. ಮುಗಿಯಿತಲ್ಲ ಎಂದು, ಆಗಲೇ ಹೇಳಿದೆನಲ್ಲ, ಹಾಗೆ ಒರಗಿದೆ.

ಮರಿ ಹುಳ ಸಾಕಿ ಮಾರುವ ಚಾಕಿ ಕೇಂದ್ರದವರು ಎರಡನೇ ಜ್ವರ ಮುಗಿಸಿ ಎದ್ದ ಹುಳವನ್ನೇ ನಮಗೆ ಕೊಡುತ್ತಾರೆ. ಹಾಗಾಗಿ ಅತ್ತಿಗೆಗೆ ಎದುರಾದ ಮೊದಲನೆಯದೇ ಮೂರನೇ ಜ್ವರ. ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವಾಗ ಫೋನು ಬಂತು.

‘ಏನಪ್ಪ ಮೈದ್ನ, ಈ ಹುಳಾ ಯಾಕೋ ಎಲ್ಲಾ ಮೇಲ್ ನೋಡ್ಕೊಂಡ್ ಕೂತವೆ. ಸೊಪ್ಪು ಹಾಕಿದ್ರೂ ಬಾಯೇ ಹಾಕ್ತಿಲ್ಲ.’

‘ಜ್ವರ ಅತ್ಗೆ! ಸೊಪ್ಪು ಯಾಕಾಕುದ್ರಿ? ಫೋನ್‌ನಾಗೆ ಓದ್ಲಿಲ್ವಾ?’

‘ಓದ್ದೆ ಕಣಪ್ಪ. ಮೂರ್ನೇ ಜ್ವರ ಅಂತ ದಪ್ಪಗೆ ಬರ್ದಿದ್ದೀಯ. ಕೆಳ್ಗಡೆ ಏನೂ ಇಲ್ವಲ್ಲ. ಏನೂ ಬರೀದಿದ್ರೆ ದಿನಾ ಮಾಡಿದ್ನೇ ಮಾಡು ಅಂತ ತಾನೆ?’

ಕಂಪ್ಯೂಟರು ತೆರೆದು ಮರವನ್ನು ನೋಡಿದೆ. ಒಂದನೇ ಜ್ವರದ ಕೊಂಬೆ ಬೋಳು, ಎರಡನೆಯದು ಬೋಳು, ಮೂರನೆಯದು ಬೋಳು. ನಾಲ್ಕರಲ್ಲಿ ಆ ಪ್ಯಾರಾ ಮದುವೆ ಮನೆಯ ಬೀಗರ ಹಾಗೆ ಆರಾಮಾಗಿ ಕೂತಿತ್ತು. ನಾನು ಎರಡನೇ ಕೊಂಬೆಗೆ ಕಟ್ಟಿದಾಗ ಅದು ಒಂದನೆಯದನ್ನು ಬಿಟ್ಟಿತ್ತು. ಮೂರಕ್ಕೆ ಕಟ್ಟಿದಾಗ ಎರಡನ್ನು. ನಾಲ್ಕು ಕಡೆ ಬೇಕಿದ್ದರೆ ಪ್ರತಿ ಸಲವೂ ಒಂದು ನಕಲು ಮಾಡಿಕೊಂಡು ಆ ನಕಲನ್ನು ಕಟ್ಟಬೇಕಿತ್ತು. ಯೋಚಿಸಿ. ಅಧ್ಯಕ್ಷರ ಗಂಟಲನ್ನು ನಾನು ಟೀ ಅಂಗಡಿಗೆ ತಂದಾಗ ಅವರ ಗಂಟಲು ಅವರ ಹತ್ತಿರವೇ ಇರುತ್ತದೆ. ಊರಿನವರನ್ನೆಲ್ಲ ನಕಲು ಮಾಡಿಕೊಂಡು ತಿರುಗುವವನಿಗೆ, ನಕಲು ಮಾಡಲೇಬೇಕಾದ ಒಂದೇ ಒಂದು ಕಡೆ ಅದು ಹೊಳೆಯಲಿಲ್ಲ.

‘ಅತ್ಗೆ, ಹಾಕಿರೋ ಸೊಪ್ಪೆಲ್ಲಾ ಮೆತ್ತಗೆ ಎತ್ತಿ. ನಾನ್ ಬತ್ತಾ ಇವ್ನಿ. ಅವ್ವುಂಗೆ ಫೋನ್ ಮಾಡ್ಲಾ?’

‘ಮಾಡುದ್ರೆ ನಿನ್ ಕಾಲ್ ಮುರೀತೀನಿ’ ಎಂದರು ಅತ್ತಿಗೆ.

ಮರದಲ್ಲಿ ನಾಲ್ಕು ನಕಲು ಕಟ್ಟಿ, ಈ ಸಲ ನಾಲ್ಕೂ ಪುಟ ತೆರೆದು ನೋಡಿ, ಇನ್ನೂ ಅಂಥ ಎಷ್ಟು ಅತ್ತಿಗೆಯರು ಸೊಪ್ಪಿನ ಕಂತೆ ಹಿಡಿದು ನಿಂತಿದ್ದಾರೋ ಎಂದು ಸಂಘದ ಗ್ರೂಪಿಗೆಲ್ಲ ಸುದ್ದಿ ಹಾಕಿ ಬಸ್ಸು ಹಿಡಿದೆ. ಕಂಡಕ್ಟರು ‘ಮುಂದಕ್ ಹೋಗಿ’ ಎಂದಾಗ ಮೊದಲ ಬಾರಿ ಮಾತಿಲ್ಲದೆ ಮುಂದಕ್ಕೆ ಹೋದೆ.

ಹುಳುಮನೆಯಲ್ಲಿ ಅತ್ತಿಗೆ ಅರ್ಧ ಸೊಪ್ಪು ಎತ್ತಿ ಮುಗಿಸಿದ್ದರು. ಉಳಿದದ್ದನ್ನು ಇಬ್ಬರೂ ಎತ್ತಿದೆವು. ಒಂದು ಕಡ್ಡಿ ಎತ್ತಿದರೆ ಅದಕ್ಕೆ ಅಂಟಿದ ಹುಳವೂ ಬರುತ್ತದೆ, ಅದನ್ನು ಅಲುಗಿಸದ ಹಾಗೆ ಬಿಡಿಸಿಕೊಳ್ಳಬೇಕು. ಆಮೇಲೆ ಸುಣ್ಣದ ಪುಡಿ ಉದುರಿಸಿ, ಕಿಟಕಿಯ ಪರದೆ ಎತ್ತಿಕಟ್ಟಿ, ಹೊಸ್ತಿಲ ಮೇಲೆ ಕೂತೆವು. ಇನ್ನು ಮಾಡುವುದಕ್ಕೆ ಏನೂ ಇರಲಿಲ್ಲ. ಏನೂ ಮಾಡದೆ ಇರುವುದೇ ಕೆಲಸವಾದಾಗ ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಅತ್ತಿಗೆಯನ್ನು ನಗಿಸೋಣವೆಂದು ಅಧ್ಯಕ್ಷರ ಗಂಟಲು ಸರಿಮಾಡಿಕೊಂಡೆ. ಅವರು ನನ್ನ ಕಡೆ ತಿರುಗಲೇ ಇಲ್ಲ. ಹುಳಗಳ ಹಾಗೆ ಮೇಲೆ ನೋಡುತ್ತಿದ್ದರು.

ಮಾರನೆಯ ದಿನ ಬಾಗಿಲು ತೆಗೆದರೆ ಹಾಸಿಗೆಯೆಲ್ಲ ಸಣ್ಣಗೆ ಅಲ್ಲಾಡುತ್ತಿತ್ತು. ಹುಳಗಳು ಹಳೆಯ ಪೊರೆ ಬಿಟ್ಟು, ದೊಡ್ಡ ತಲೆ ತೂಗುತ್ತಾ ಸೊಪ್ಪು ಹುಡುಕುತ್ತಿದ್ದವು. ಒಂದು ಮೂಲೆಯವು ಹಿಂದೆ ಬಿದ್ದಿದ್ದವು, ಕೆಲವು ಏಳಲೇ ಇಲ್ಲ. ಮಿಕ್ಕವೆಲ್ಲ ಎದ್ದಿದ್ದವು. ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡು, ಸುಣ್ಣದ ಪುಡಿಗೆ ಕಣಪ್ಪ ಎಂಬಂತೆ ನನ್ನ ಕಡೆ ನೋಡಿದರು. ನಾನು ಉತ್ಸಾಹದಿಂದ ದೊಡ್ಡ ಕಂತೆಯೊಂದನ್ನು ಎತ್ತಿಕೊಂಡು ಬಂದೆ. ಅಷ್ಟರಲ್ಲಿ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಚನ್ನಪಟ್ಟಣದಿಂದ ಅವ್ವ. ಅಕ್ಕನಿಗೆ ಹೆಣ್ಣು ಮಗು.

‘ಹುಳ ಹೆಂಗವ್ಲಾ? ನಾನ್ ಬರ್ಲಾ?’ ಎಂದು ಅವ್ವ ಕೇಳುತ್ತಿರುವಾಗಲೇ ಅತ್ತಿಗೆ ನನ್ನ ಕೈಯಿಂದ ಕಂತೆ ಕಿತ್ತುಕೊಂಡರು.

‘ಕೇಳಿಲ್ಲಿ. ಈಗಿನ್ನೂ ಜ್ವರ ಎದ್ದವೆ, ಬಲ್ತಿರೋ ಸೊಪ್ಪು ಸುರಿಯಂಗಿಲ್ಲ. ಹಿಂದ್ ಬಿದ್ದೋವ್ನ ಬ್ಯಾರೆ ಮಾಡು, ಆಮೇಲೆ ಎಳೇದು ಒಸಿ ಒಸಿ ಹಾಕು. ಗೊತ್ತಾಯ್ತಾ? ಏನ್ ಗೊತ್ತಾಯ್ತು, ಹೇಳು.’

ಫೋನಿನ ಆ ತುದಿಯಿಂದ ಅವ್ವ ಕೂಗಿದಳು.

‘ಯಾರ್ಲಾ ಅದು ನನ್ನಂಗೆ ಮಾತಾಡ್ತಿರೋದು? ನೀನೇನ್ಲಾ, ಕಳ್ ನನ್ಮಗ್ನೆ?’

‘ನಾನಲ್ಲ ಕಣವ್ವ’ ಎಂದೆ. ಹುಟ್ಟಿದಾಗಿನಿಂದ ಆ ಮಾತನ್ನು ಎಷ್ಟೋ ಸಲ ಹೇಳಿದ್ದೇನೆ. ನಿಜವಾಗಿದ್ದು ಅದೊಂದೇ ಸಲ.

ಅವ್ವ ಇನ್ನೊಮ್ಮೆ ಕಿವಿಗೊಟ್ಟಳು. ಇತ್ತ ಅತ್ತಿಗೆ ಹುಳಗಳಿಗೂ ಏನೋ ಬೈಯುತ್ತಿದ್ದರು, ಅವ್ವನ ಮಾತಿನಲ್ಲೇ. ಅತ್ತ ಕೂಸು ಅಳತೊಡಗಿತ್ತು.

‘ಹಂಗಾದ್ರೆ ನಾನ್ ಇಲ್ಲೇ ಇರ್ತೀನಿ ಬುಡು’ ಎಂದಳು ಅವ್ವ.