ಹುಳು ಜ್ವರಕ್ಕೆ ಕೂತ ದಿನದ ಸೂಜಿ

ಮೊನ್ನೆ ರೇಷ್ಮೆ ಹುಳು ಮನೆಯ ಬಾಗಿಲಲ್ಲಿ, ಹುಳುವಿಗೆ ರೋಗ ತಗಲದಿರಲೆಂದು ಬ್ಲೀಚಿಂಗ್ ಪುಡಿ ಚೆಲ್ಲುವಾಗ ಆ ಘಾಟು ಮೂಗಿಗೆ ಹೊಡೆಯಿತು. ಆಶಾ ಅಕ್ಕ ನೆನಪಾದರು. ಹಲಗೂರಿನ ಆಚೆಗಿನ ನಮ್ಮೂರಿನಲ್ಲಿ ಮನೆಮನೆಗೆ ಹೋಗಿ ಜನರನ್ನು ಲಸಿಕೆಗೆ ಹೊರಡಿಸುವುದು ಆಶಾ ಕಾರ್ಯಕರ್ತೆಯಾಗಿ ಅವರ ಕೆಲಸವಾಗಿತ್ತು. ಆ ಪುಡಿಯನ್ನು ತುಳಿಯದೆ ಅವರು ಎಂದೂ ಒಳಗೆ ಬಂದವರಲ್ಲ...

ಕೊರೊನಾ ಲಸಿಕೆ ಬಂದಾಗ ರೇಷ್ಮೆ ಸಾಕುವವರೆಲ್ಲ ಒಂದೇ ನೆಪ ಹೇಳಿದರು. ಉಬ್ಬಸದ ನನ್ನವ್ವನೂ ಹೇಳಿದಳು: "ಸೂಜಿ ಆಕುಸ್ಕಂಡು ನಾನು ಮಲಿಕ್ಕಂಡ್ರೆ ಉಳಕ್ಕೆ ಸೊಪ್ಪು ಆಕೋರ್ಯಾರು, ನಿಮ್ಮಪ್ಪನಾ?"

"ಉಳ ಜ್ವರಕ್ಕೆ ಕೂತಾಗ ಬತ್ತೀನಿ ಬುಡವ್ವ. ಆವತ್ತು ಅವೂ ಮಲಿಕ್ಕಳ್ಲಿ, ನೀನೂ ಮಲಿಕ್ಕೊ," ಅಂದರು ಅಕ್ಕ.

ಹುಳು ಪೊರೆ ಬಿಡುವುದನ್ನು ನಾವು ಜ್ವರ ಎನ್ನುತ್ತೇವೆ. ಆ ಒಂದು ದಿನ ಅವು ಸೊಪ್ಪು ಮುಟ್ಟುವುದಿಲ್ಲ, ಮನೆಯವರಿಗೂ ಬಿಡುವು. ಯಾರ ಮನೆಯ ಹುಳು ಯಾವತ್ತು ಜ್ವರಕ್ಕೆ ಕೂರುತ್ತದೆಂದು ಅಕ್ಕ ಕೇಳಿ ಬರೆದುಕೊಂಡರು. ಅದೇ ದಿನ ಆ ಮನೆಯವರನ್ನು ಆಸ್ಪತ್ರೆಗೆ ಕರೆದೊಯ್ದರು. ಎರಡು ಸಲ. ಹಾಗೆ ನಮ್ಮ ಬೀದಿ ಪೂರ್ತಿ ಮುಗಿಯಿತು.

ಆಮೇಲೆ ಬೇಗ ಹರಡುವ ಹೊಸ ಕೊರೊನಾ ತಳಿ ಬಂತು. ವಾರದೊಳಗೆ ಬೀದಿಗೆ ಬೀದಿಯೇ ಕೆಮ್ಮಿತು. "ಎಲ್ರುಗೂ ಬಂತಲ್ಲಮ್ಮಿ, ಏನ್ ಕಡ್ದು ಕಟ್ಟೆ ಆಕ್ತು ನಿನ್ ಸೂಜಿ?" ಎಂದು ಪಕ್ಕದ ಮನೆಯ ದೊಡ್ಡಪ್ಪ ಜಗಲಿಯಿಂದಲೇ ಕೂಗಿದರು.

"ಬರಾಕಿಲ್ಲ ಅಂತ ನಾನ್ಯಾವಾಗ ಏಳ್ದೆ? ನನ್ನ ಬೈಯಕ್ಕೆ ಉಸ್ರು ಉಳ್ದದಲ್ಲ ದೊಡ್ಡಪ್ಪ, ಅದುನ್ ನೋಡು!"

ಅವ್ವ ನಾಲ್ಕು ದಿನ ಮಲಗಿ ಎದ್ದಳು. ದೊಡ್ಡಪ್ಪನೂ ಎದ್ದರು. ಏಳದವರು ಅಕ್ಕ ಒಬ್ಬರೇ. ಅವರೂ ಲಸಿಕೆ ಹಾಕಿಸಿಕೊಂಡವರೇ. ಆದರೆ ಅವರ ಕಿಡ್ನಿ ಮೊದಲೇ ಸೋತಿತ್ತು. ನಮಗ್ಯಾರಿಗೂ ಹೇಳಿರಲಿಲ್ಲ... ಮಂಡ್ಯದ ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ.

"ಸೂಜಿಗೆ ಕರಿಯೋಳೇ ಓದ್ಲು." ಈ ಮಾತು ಟೀ ಅಂಗಡಿಯಲ್ಲಿ ಇವತ್ತಿಗೂ ಓಡುತ್ತದೆ. ಮೊದಮೊದಲು ತಲೆ ತಗ್ಗಿಸಿ ಎದ್ದು ಬರುತ್ತಿದ್ದೆ. ಈಗ ಬರುವುದಿಲ್ಲ. ಅಕ್ಕ ಸತ್ತದ್ದು ನಿಜ. ಅವರ ಸಾವನ್ನು ಮುಂದಿಟ್ಟು ಅವರು ಉಳಿಸಿದ ಬೀದಿಯನ್ನು ಮರೆಸಲು ನಾನು ಬಿಡುವುದಿಲ್ಲ. ಎಲ್ಲರೆದುರು ಎದ್ದು ನಿಂತು, ಬದುಕಿರುವ ಮುದುಕ ಮುದುಕಿಯರ ಹೆಸರನ್ನು ಮನೆ ಸಾಲಿನಂತೆ ಹೇಳಲು ಶುರುಮಾಡುತ್ತೇನೆ.

"ನೀನೇನ್ಲಾ, ಡಾಕ್ಟ್ರಾ?" ಎಂದು ನಿನ್ನೆ ಒಬ್ಬ ನಕ್ಕ.

"ಅಲ್ಲ ಕಣ್ಲಾ. ಉಬ್ಬಸದವಳ ಮಗ. ನಮ್ಮವ್ವ ಮನೇಲವ್ಳೆ, ಓಗಿ ಮಾತಾಡ್ಸು," ಅಂದೆ.

ಹೆಸರು ಹೇಳುತ್ತಾ ಹೋದರೆ ಬೀದಿಯ ಕೊನೆಗೆ ಅಕ್ಕನ ಮನೆ ಬರುತ್ತದೆ. ಆ ಹೆಸರು ಬದುಕಿರುವವರ ಸಾಲಿನಲ್ಲಿಲ್ಲ... ಆದರೂ ಕೂರುವುದಿಲ್ಲ.