ತಕ್ಕಡಿ ತಿಮ್ಮಯ್ಯ ಕುಡಿದ ಜ್ಯೂಸು

ಗೋವಿಂದರಾಜನಗರದ ಅಂಗಡಿಗಳ ತಕ್ಕಡಿಗಳನ್ನು ಮೂವತ್ತು ವರ್ಷ ರಿಪೇರಿ ಮಾಡಿದ ತಿಮ್ಮಯ್ಯನವರಿಗೆ ಯಂತ್ರಗಳು ಸುಳ್ಳು ಹೇಳುವುದು ಚೆನ್ನಾಗಿ ಗೊತ್ತಿತ್ತು. ಯಂತ್ರದ ಮಾತು ಕೇಳಿ ಜನ ತಮ್ಮನ್ನೇ ಸುಳ್ಳುಗಾರ ಅಂದಾರು ಎಂದು ಮಾತ್ರ ಕನಸಿನಲ್ಲೂ ಎಣಿಸಿರಲಿಲ್ಲ.

2006ರಲ್ಲಿ ಸಕ್ಕರೆ ಕಾಯಿಲೆಯಿಂದ ಅವರ ಕಾಲಿನ ಹೆಬ್ಬೆರಳ ಗಾಯ ಮಾಯಲೇ ಇಲ್ಲ. ಬೆರಳು ಉಳಿಸಲು ಆಸ್ಪತ್ರೆಯವರು ದಿನವೂ ಕಬ್ಬಿಣದ ಕೋಣೆಯಲ್ಲಿ ಕೂರಿಸಿ, ಗಾಳಿಯ ಒತ್ತಡ ಏರಿಸಿ, ಮಾಸ್ಕಿನಿಂದ ಆಕ್ಸಿಜನ್ ಕೊಡುತ್ತಿದ್ದರು. ಜೊತೆಗೆ ನರ್ಸ್ ಕುಸುಮಾ ಇರುತ್ತಿದ್ದಳು. ಹೊರಗೆ ಕೈಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ ಅಳೆಯುವ ಮೀಟರು ನೂರೈವತ್ತು ತೋರಿಸುತ್ತಿತ್ತು, ಒಳಗೆ ಒತ್ತಡ ಏರಿದ ಮೇಲೆ ತೊಂಬತ್ತು. ಈ ಚಿಕಿತ್ಸೆಯಲ್ಲಿ ಸಕ್ಕರೆ ಇಳಿಯುವುದುಂಟು ಎಂದು ಕುಸುಮಾ ಗಾಬರಿಯಿಂದ ಜ್ಯೂಸು ಕುಡಿಸುತ್ತಿದ್ದಳು. ಹೊರಗೆ ಬಂದರೆ ಇನ್ನೂರಮೂವತ್ತು!

"ತೊಂಬತ್ತಿದ್ದದ್ದು ಒಂದು ಡಬ್ಬಿ ಜ್ಯೂಸಿಗೆ ಇಷ್ಟು ಏರಲ್ಲ. ಕದ್ದು ಏನೋ ತಿಂತಿದೀರ. ಹೀಗಾದ್ರೆ ಬೆರಳು ತೆಗೀಬೇಕಾಗುತ್ತೆ," ಎಂದು ಡಾಕ್ಟರ್ ಗೋಪೀನಾಥ ಫೈಲಿನಲ್ಲಿ 'ಪಥ್ಯ ಮಾಡುತ್ತಿಲ್ಲ' ಎಂದು ಬರೆದರು. ಹೆಂಡತಿ ಮುನಿಲಕ್ಷ್ಮಮ್ಮ ಬೆಲ್ಲದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. "ಮಿಷನ್ ಯಾಕ್ರೀ ಸುಳ್ಳು ಹೇಳ್ತದೆ?" ಎಂದಳು. ಆರು ವರ್ಷದಿಂದ ಕಾಫಿಗೂ ಸಕ್ಕರೆ ಹಾಕಿಕೊಳ್ಳದ ಮನುಷ್ಯನಿಗೆ ಮೈಯೆಲ್ಲ ಉರಿದುಹೋಯಿತು.

ಹನ್ನೊಂದನೆಯ ದಿನ ತಿಮ್ಮಯ್ಯ ಜ್ಯೂಸು ಮುಟ್ಟಲಿಲ್ಲ.

"ಸಿಸ್ಟರ್, ತಕ್ಕಡಿ ಸರಿ ಇದ್ಯಾ ನೋಡೋಕೆ ನಮ್ಮತ್ರ ಸರ್ಕಾರಿ ಮುದ್ರೆ ಒತ್ತಿದ ತೂಕದ ಬಟ್ಟು ಇರ್ತಿತ್ತು. ನಿಮ್ ಮಿಷನ್‌ಗೆ ಅಂಥದ್ದು ಇಲ್ವಾ?"

ಇತ್ತು. ಇಷ್ಟೇ ಸಕ್ಕರೆ ತೋರಿಸಬೇಕೆಂದು ಗೊತ್ತಿರುವ ದ್ರವದ ಪುಟ್ಟ ಬಾಟಲಿ ಕುಸುಮಾಳ ಪೆಟ್ಟಿಗೆಯಲ್ಲೇ ಇತ್ತು. ಅದರಿಂದ ಮೀಟರನ್ನು ದಿನಾ ಬೆಳಿಗ್ಗೆ ಹೊರಗೆ ಪರೀಕ್ಷಿಸುತ್ತಿದ್ದಳು, ಒಳಗೆ ಎಂದೂ ಇಲ್ಲ. ಅಂದು ಹೊರಗೆ ನೂರಿಪ್ಪತ್ತು ತೋರಿಸಿದ್ದ ಹನಿ ಒಳಗೆ ಎಪ್ಪತ್ತೈದು ತೋರಿಸಿತು.

"ಈಗ ಬಾಟ್ಲಿಗೂ ಜ್ಯೂಸ್ ಕುಡಿಸ್ತೀರಾ?" ಎಂದು ತಿಮ್ಮಯ್ಯ ಗುಡುಗಿದರು. ಕುಸುಮಾಳ ಮುಖ ಸಪ್ಪಗಾಯಿತು.

ಅಂದು ಹೊರಗೆ ಬಂದಾಗ ನೂರನಲವತ್ತು. ಒತ್ತಡದ ಗಾಳಿಯಲ್ಲಿ ಆಕ್ಸಿಜನ್ ಹೆಚ್ಚಾದರೆ ಈ ಮೀಟರಿನ ಹನಿ ಹಾಕುವ ಪಟ್ಟಿ ಕಡಿಮೆ ತೋರಿಸುತ್ತದೆ ಎಂದು ಡಾಕ್ಟರು ಒಪ್ಪಿ, ಸುಮ್ಮಸುಮ್ಮನೆ ಜ್ಯೂಸು ಕೊಡಬಾರದೆಂದರು.

"ಹಾಗಾದ್ರೆ ಆ ಪಥ್ಯದ ಸಾಲು ಹೊಡೆದ್ಹಾಕಿ ಸಾರ್."

"ಫೈಲಲ್ಲಿ ಬರೆದದ್ದನ್ನ ಹೊಡೆಯೋಕಾಗಲ್ಲ ತಿಮ್ಮಯ್ಯ. ಬಿಡಿ, ಬೆರಳು ಉಳೀತಲ್ಲ."

ಮನೆಗೆ ಬಂದವರೇ ನಡೆದದ್ದನ್ನೆಲ್ಲ ಹೆಂಡತಿಗೆ ಒಂದೇ ಉಸಿರಿಗೆ ಹೇಳಿದರು. ಮುನಿಲಕ್ಷ್ಮಮ್ಮ ಪೂರ್ತಿ ಕೇಳಿಸಿಕೊಂಡಳು.

"ಹಂಗಂತ ಫೈಲಲ್ಲಿ ಬರ್ಕೊಟ್ಟವ್ರಾ?"

ಬೀರುವಿನ ಬೀಗದ ಕೈ ಅವಳ ಸೊಂಟದಲ್ಲೇ ಉಳಿಯಿತು.